ಬಾವಿಯ ಹೆಸರು, ಹದಿನೆಂಟನೇ ಸಲ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ಧ್ವನಿ ಗ್ರಂಥಾಲಯದ ಪುಸ್ತಕಗಳನ್ನು ಕಿವಿಯಿಂದ ಓದುವ ಸದಸ್ಯರೇ, ಮೂವತ್ತನಾಲ್ಕು ವರ್ಷ ನನ್ನ ಪೆನ್ಸಿಲ್ಲಿನ ಸದ್ದನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಮತ್ತು ಇವನೊಬ್ಬನ ಮಾತು ಮುಗಿದರೆ ಊಟಕ್ಕೆ ಏಳಬಹುದು ಎಂದು ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಬೀಳ್ಕೊಡುಗೆಯ ಸಭೆಯಲ್ಲಿ ಒಂದು ಅನುಕೂಲವಿದೆ. ಹೊರಟು ನಿಂತವನನ್ನು ಯಾರೂ ಬೈಯುವುದಿಲ್ಲ. ನನಗಿಂತ ಮೊದಲು ಮಾತನಾಡಿದ ನಾಲ್ವರೂ ನನ್ನನ್ನು ಹೊಗಳಿದರು. ಅವರಲ್ಲಿ ಇಬ್ಬರು ಕಳೆದ ತಿಂಗಳವರೆಗೂ ನನ್ನ ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದರು ಎನ್ನುವುದು ನನಗೆ ಗೊತ್ತಿದೆ. 'ಟಕ್ ಮೇಷ್ಟ್ರು' ಎಂದು. ನನಗೆ ಬೇಸರವಿಲ್ಲ. ಅದು ನಾನೇ ಸಂಪಾದಿಸಿದ ಬಿರುದು.

ಆದರೆ ಆ ಹೊಗಳಿಕೆಯಲ್ಲಿ ಒಂದು ಮಾತು ಬಂತು. ಈ ಮನುಷ್ಯ ಒಂದೇ ಒಂದು ಹೆಸರನ್ನೂ ತಪ್ಪು ಉಚ್ಚಾರಣೆಯಲ್ಲಿ ಹೊರಗೆ ಬಿಟ್ಟವನಲ್ಲ ಎಂದು. ನಿಮಗೆ ಕೊಟ್ಟ ಫಲಕದ ಮೇಲೂ ಅದನ್ನೇ ಕೆತ್ತಿಸಿದ್ದೇವೆ ಎಂದು ಅಧ್ಯಕ್ಷರು ಹೇಳಿದರು. ಸಭಿಕರೇ, ಕಲ್ಲಿನಲ್ಲಿ ಸುಳ್ಳು ಕೆತ್ತಿಸಬಾರದು. ನಾನು ಒಂದು ಹೆಸರನ್ನು ತಪ್ಪಾಗಿ ಹೊರಗೆ ಬಿಟ್ಟಿದ್ದೇನೆ. ಅದು ಒಂದು ಹಳೆಯ ಬಾವಿಯ ಹೆಸರು. ಆ ಹೆಸರಿನ ದೆಸೆಯಿಂದ ನಮ್ಮ ಮನೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಯಾರೂ ಒಂದು ಸಾಲನ್ನೂ ಗಟ್ಟಿಯಾಗಿ ಓದಿಲ್ಲ. ಇವತ್ತು ಅದನ್ನು ಹೇಳಿ ಹೋಗಬೇಕೆಂದು ಬಂದಿದ್ದೇನೆ.

ಹೊಸದಾಗಿ ಬಂದವರಿಗಾಗಿ ನಮ್ಮ ಕೆಲಸದ ಬಗ್ಗೆ ಎರಡು ಮಾತು. ಗಾಜಿನ ಆಚೆ ಒಂದು ಪುಟ್ಟ ಕೋಣೆ. ಗೋಡೆಗೆಲ್ಲ ದಪ್ಪ ಕಂಬಳಿ. ಮೇಜಿನ ಮೇಲೆ ಉಣ್ಣೆ ಬಟ್ಟೆ, ಮೊಣಕೈ ಸದ್ದು ಮಾಡಬಾರದೆಂದು. ಕೈಗಡಿಯಾರ ಕಟ್ಟಿಕೊಂಡು ಒಳಗೆ ಹೋಗುವಂತಿಲ್ಲ, ಮೈಕು ಅದರ ಟಿಕ್ ಟಿಕ್ಕನ್ನೂ ಹಿಡಿಯುತ್ತದೆ. ಅಲ್ಲಿ ಓದುವವರು ಕೂರುತ್ತಾರೆ. ಗಾಜಿನ ಈಚೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅದೇ ಪುಸ್ತಕದ ಇನ್ನೊಂದು ಪ್ರತಿ ಹಿಡಿದು ತಪ್ಪು ಹಿಡಿಯುವವನು ಕೂರುತ್ತಾನೆ. ಅವನೇ ನಾನು. ತಪ್ಪು ಬಂದ ಕೂಡಲೇ ನಾನು ಪೆನ್ಸಿಲ್ಲಿನಿಂದ ಮೇಜನ್ನು ಒಮ್ಮೆ ತಟ್ಟುತ್ತೇನೆ, ನನ್ನ ಮೇಜಿನ ಮೈಕಿನಿಂದ ಅದು ಓದುವವರ ಹೆಡ್‌ಫೋನಿಗೂ ರೀಲಿಗೂ ಹೋಗುತ್ತದೆ. ಟಕ್. ಓದುವವರು ನಿಲ್ಲಿಸಿ, ಆ ವಾಕ್ಯದ ಮೊದಲಿಗೆ ಹೋಗಿ ಮತ್ತೆ ಓದಬೇಕು. ಯಾಕೆ ತಟ್ಟಿದೆ ಎಂದು ನಾನು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ನಾನು ಸುಮ್ಮನಿದ್ದರೆ ಸರಿ ಇದೆ ಎಂದು ಅರ್ಥ. ನಮ್ಮಲ್ಲಿ ಶಹಬ್ಬಾಸ್ ಎನ್ನುವ ಪದ್ಧತಿ ಇಲ್ಲ. ಮೌನವೇ ಶಹಬ್ಬಾಸ್.

ಈ ಕೆಲಸಕ್ಕೆ ಮುಖ್ಯವಾದ ಒಂದು ಶಿಸ್ತು ಇದೆ. ತಪ್ಪು ಹಿಡಿಯುವವನ ಕಣ್ಣು ಪುಟದ ಮೇಲೇ ಇರಬೇಕು. ಓದುವವರ ಮುಖ ನೋಡಬಾರದು. ಮುಖ ನೋಡಿದರೆ ದಾಕ್ಷಿಣ್ಯ ಬರುತ್ತದೆ, ದಾಕ್ಷಿಣ್ಯ ಬಂದರೆ ಪೆನ್ಸಿಲ್ ಏಳುವುದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದು ಇದನ್ನೇ. ಮೂವತ್ತನಾಲ್ಕು ವರ್ಷ ನಾನು ಇದನ್ನು ಚಾಚೂ ತಪ್ಪದೆ ಪಾಲಿಸಿದೆ. ಎಷ್ಟರ ಮಟ್ಟಿಗೆ ಎಂದರೆ, ನಮ್ಮಲ್ಲಿ ಎಂಟು ವರ್ಷ ಓದಿದ ಒಬ್ಬ ವಕೀಲರು ರಸ್ತೆಯಲ್ಲಿ ಸಿಕ್ಕು ಮಾತನಾಡಿಸಿದಾಗ ನಾನು ಕಣ್ಣು ಮುಚ್ಚಿಕೊಂಡು ಅವರ ಗುರುತು ಹಿಡಿಯಬೇಕಾಯಿತು.

ಅಂದಹಾಗೆ, ಆ ಪೆನ್ಸಿಲ್ ಇವತ್ತು ಬೆಳಿಗ್ಗೆಯಿಂದ ಕಾಣಿಸುತ್ತಿಲ್ಲ. ಅಂಗಿಯ ಜೇಬಿನಲ್ಲಿ ಇರಬೇಕಿತ್ತು. ಕೊನೆಯ ದಿನ ಅದನ್ನು ಅಧ್ಯಕ್ಷರ ಕೈಗೆ ಒಪ್ಪಿಸಿ ಹೋಗೋಣ ಎಂದುಕೊಂಡಿದ್ದೆ. ಕಣ್ಣಿನ ತಪ್ಪೋ ಪೆನ್ಸಿಲ್ಲಿನ ತಪ್ಪೋ ಗೊತ್ತಿಲ್ಲ. ಕ್ಷಮಿಸಬೇಕು.

ಇನ್ನು ಕಾರ್ಡಿನ ಡ್ರಾಯರುಗಳು. ಪುಸ್ತಕಗಳಲ್ಲಿ ದೂರದ ಊರು, ನದಿ, ಬೆಟ್ಟಗಳ ಹೆಸರು ಬರುತ್ತವೆ. ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಓದಿದರೆ ಕೇಳುವವರು ಅದು ಎರಡು ಊರು ಎಂದುಕೊಳ್ಳುತ್ತಾರೆ. ಹಾಗಾಗಿ ಪ್ರತಿ ಕಷ್ಟದ ಹೆಸರಿಗೂ ಒಂದು ಕಾರ್ಡು. ಬಲ್ಲವರಿಗೆ ಪತ್ರ ಬರೆದು, ಉತ್ತರ ಬಂದ ಮೇಲೆ ಕಾರ್ಡು ಬರೆಯುವುದು ನಿಯಮ. ಒಮ್ಮೆ ಬರೆದ ಮೇಲೆ ಎಲ್ಲರೂ ಹಾಗೇ ಓದಬೇಕು. ಕಾರ್ಡಿನಲ್ಲಿ ಉಚ್ಚಾರಣೆ ಮಾತ್ರ, ಅರ್ಥ ಬರೆಯಕೂಡದು. ಅದಕ್ಕೂ ಕಾರಣವಿತ್ತು. ನಾನು ಸೇರುವ ಮೊದಲು ಯಾರೋ ಒಂದು ಬೆಟ್ಟದ ಹೆಸರಿನ ಕೆಳಗೆ 'ನಗುವ ಮುದುಕಿ' ಎಂದು ಅರ್ಥ ಬರೆದಿದ್ದರಂತೆ. ಓದಲು ಕೂತ ಮಹಾನುಭಾವರಿಗೆ ಆ ಬೆಟ್ಟ ಬಂದಾಗಲೆಲ್ಲ ನಗು. ಹನ್ನೊಂದು ಸಲ ಬಂತಂತೆ ಬೆಟ್ಟ. ಅಂದಿನಿಂದ ಅರ್ಥಕ್ಕೆ ಬಾಗಿಲು ಮುಚ್ಚಿತು. ಓದುವವರು ಕೊಳವೆಯ ಹಾಗಿರಬೇಕು, ನೀರು ಹರಿದು ಹೋಗಬೇಕು ಎಂದು ನಾನೂ ಹೊಸಬರಿಗೆ ಭಾಷಣ ಮಾಡುತ್ತಿದ್ದೆ. ಕೊಳವೆಗೆ ಬಾಯಾರಿಕೆ ಆಗುತ್ತದೆಯೇ ಎಂದು ನಾನು ಯೋಚಿಸಿರಲಿಲ್ಲ.

ಇಪ್ಪತ್ತೇಳು ವರ್ಷದ ಹಿಂದೆ ನಮಗೆ ಓದುವವರ ಕೊರತೆ ಬಂತು. ಸಂಬಳವಿಲ್ಲದ ಕೆಲಸ, ಯಾರು ಬರುತ್ತಾರೆ? ನಾನು ಮನೆಯಲ್ಲಿ ಗೊಣಗಿಕೊಂಡಾಗ ನನ್ನ ಹೆಂಡತಿ, ನಾನು ಬರಲಾ ಎಂದಳು. ನಾನು ನಕ್ಕೆ. ನಂತರ ಧ್ವನಿ ಪರೀಕ್ಷೆ ಮಾಡಿದೆವು. ಆಗಿನ ನಿರ್ದೇಶಕರು, ಇಷ್ಟು ವರ್ಷ ಈ ಧ್ವನಿಯನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದಿರಲ್ಲ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಆ ವರ್ಷ ನನ್ನ ತಾಯಿ ಹಾಸಿಗೆ ಹಿಡಿದಿದ್ದರು. ಅದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ... ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಇರಲಿ. ಅಮ್ಮನಿಗೆ ಹೊರಳಲೂ ಆಗುತ್ತಿರಲಿಲ್ಲ. ಎತ್ತುವುದು, ತೊಳೆಯುವುದು, ಬಟ್ಟೆ ಬದಲಿಸುವುದು, ಬಾಯಿಗೆ ಚಮಚದಲ್ಲಿ ಗಂಜಿ ಹಾಕುವುದು, ಎಲ್ಲ ಅವಳೇ. ಮಗಳಿಗೆ ಆಗ ಆರು ವರ್ಷ. ಒಂದು ಮನೆಯಲ್ಲಿ ಮೂರು ದಿಕ್ಕಿನಿಂದ ಅವಳನ್ನು ಕರೆಯುತ್ತಿದ್ದೆವು. ನಾನಂತೂ ಹೆಸರು ಹಿಡಿದು ಕೂಡ ಕರೆಯುತ್ತಿರಲಿಲ್ಲ. 'ಏ, ಇಲ್ಲಿ ನೋಡು' ಎನ್ನುತ್ತಿದ್ದೆ. ಇಲ್ಲಿ ನೋಡು ಎಂದು ಅವಳಿಗೆ ಹೇಳುತ್ತಿದ್ದೆನೇ ಹೊರತು, ನಾನು ಯಾವತ್ತು ನೋಡಿದ್ದೆ? ಮಧ್ಯಾಹ್ನ ಮೂರರಿಂದ ನಾಲ್ಕು ಅಮ್ಮ ನಿದ್ದೆ ಮಾಡುತ್ತಿದ್ದರು. ಪಕ್ಕದ ಮನೆಯ ಅಕ್ಕನನ್ನು ಕೂರಿಸಿ ಆ ಒಂದು ಗಂಟೆ ಇವಳು ಇಲ್ಲಿಗೆ ಬರುತ್ತಿದ್ದಳು. ಅದು ಅವಳ ದಿನದ ಒಂದೇ ಒಂದು ಸ್ವಂತ ಗಂಟೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ನಮಗೆ ಬಿಟ್ಟಿ ಓದುಗರು ಸಿಕ್ಕರು ಎಂದಷ್ಟೇ ಹೊಳೆಯಿತು.

ಅವಳಿಗೆ ಬಂದ ಪುಸ್ತಕ ಮರುಭೂಮಿಯ ಹಳೆಯ ಬಾವಿಗಳ ಬಗ್ಗೆ. ಐನೂರು ಪುಟ, ತುಂಬ ಒಣ ಪುಸ್ತಕ. ಬಾವಿಗಳ ಪುಸ್ತಕ ಅಷ್ಟು ಒಣಗಿರಬಾರದಿತ್ತು. ಅದರ ಇನ್ನೂರ ಹನ್ನೆರಡನೆಯ ಪುಟದಲ್ಲಿ ಒಂದು ಹೀಬ್ರೂ ಹೆಸರು ಇತ್ತು. ಮೂರು ಸಾವಿರ ವರ್ಷಕ್ಕೂ ಹಳೆಯ ಕಥೆಯಲ್ಲಿ ಬರುವ ಒಂದು ಬಾವಿಯ ಹೆಸರು. ಆ ಭಾಷೆ ಬಲ್ಲವರು ನಮ್ಮ ಪತ್ರದ ಪಟ್ಟಿಯಲ್ಲಿ ಯಾರೂ ಇರಲಿಲ್ಲ. ಹುಡುಕಬೇಕಿತ್ತು. ನಾನು ಹುಡುಕಲಿಲ್ಲ. ಒಂದು ಹಳೆಯ ಭೂಪಟ ಪುಸ್ತಕದ ಕೊನೆಯಲ್ಲಿ ನೋಡಿ, ಅಂದಾಜಿನಲ್ಲಿ, 'ಬೇರ್ಲಹೈರೋಯ್, ಒಂದೇ ಉಸಿರಿನಲ್ಲಿ' ಎಂದು ಕಾರ್ಡು ಬರೆದು ಡ್ರಾಯರಿಗೆ ಹಾಕಿದೆ. ನಿಯಮ ಮುರಿದವನು ನಾನು. ಆಮೇಲೆ ನಿಯಮದ ದೊಣ್ಣೆ ಎತ್ತಿದವನೂ ನಾನೇ.

ಆ ವಾರ ಅವಳ ಕೈಗಡಿಯಾರ ಕಿಟಕಿಯ ಕಟ್ಟೆಯಿಂದ ಬಿದ್ದು ನಿಂತುಹೋಯಿತು. ಓದುವ ಮೊದಲು ಬಿಚ್ಚಿಡುತ್ತಿದ್ದಳಲ್ಲ, ಅದು. ನಮ್ಮ ಬೀದಿಯ ಕೊನೆಯಲ್ಲಿ ಗಡಿಯಾರ ರಿಪೇರಿಯ ಒಬ್ಬ ಅಜ್ಜ ಇದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತನಾಡುತ್ತಿದ್ದರು. ಅವರ ಅಂಗಡಿಯ ಗೋಡೆಯಲ್ಲಿ ಚೌಕಟ್ಟು ಹಾಕಿದ ಒಂದು ಹಾಳೆ, ಅದರಲ್ಲಿ ಬಲದಿಂದ ಎಡಕ್ಕೆ ಓದುವ ಅಕ್ಷರಗಳು. ಇವಳು ಕೇಳಿದ್ದಾಳೆ. ಅದು ತನ್ನ ಅಜ್ಜಿ ಪ್ರಾರ್ಥನೆ ಮಾಡುತ್ತಿದ್ದ ಭಾಷೆ ಎಂದರಂತೆ ಅಜ್ಜ. ಮರುದಿನ ಇವಳು ಪುಸ್ತಕ ಹಿಡಿದುಕೊಂಡು ಹೋದಳು. ಅದರ ಮರುದಿನವೂ ಹೋದಳು. ಗಡಿಯಾರ ರಿಪೇರಿಗೆ ಮೂರು ದಿನ ಬೇಕೇ ಎಂದು ನಾನು ಮನೆಯಲ್ಲಿ ಕೊಂಕು ತೆಗೆದೆ. ಅಲ್ಲಿ ಅವಳು ಹೆಸರು ಹೇಳುವುದನ್ನು ಕಲಿಯುತ್ತಿದ್ದಳು.

ಆ ಹೆಸರಿನಲ್ಲಿ ಮೂರು ತುಂಡುಗಳಿವೆ. ಮೊದಲನೆಯದು ಬೆಏರ್, ಅಂದರೆ ಬಾವಿ. ಎರಡು ಸ್ವರಗಳ ನಡುವೆ ಗಂಟಲಲ್ಲಿ ಒಂದು ಸಣ್ಣ ತಡೆ. ಎರಡನೆಯದು ಲಹೈ. ಅದರಲ್ಲಿನ ಹಕಾರ ನಮ್ಮ ಹಕಾರವಲ್ಲ, ಗಂಟಲ ಆಳದಿಂದ ಉಜ್ಜಿಕೊಂಡು ಬರುವಂಥದ್ದು. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ಮೂರನೆಯದು ರೋಈ, ಕೊನೆಗೆ ಒತ್ತು. ಮೊದಲ ತುಂಡಾದ ಮೇಲೆ ಒಂದು ಉಸಿರಿನಷ್ಟು ನಿಲ್ಲಬೇಕು ಎಂದು ಅಜ್ಜ ಹೇಳಿಕೊಟ್ಟಿದ್ದರು. ಅವರ ಮಾತು ನನಗೆ ಇವಳ ಬಾಯಿಂದಲೇ ಗೊತ್ತು, ಅದೂ ಬಹಳ ವರ್ಷಗಳ ಮೇಲೆ, ಹೇಗೆಂದು ಮುಂದೆ ಹೇಳುತ್ತೇನೆ. "ಬೆಏರ್ ಅಂದ್ರೆ ಬಾವಿ ಕಣಮ್ಮ. ಬಾವಿ ಹತ್ರ ಬಂದವರು ನಿಲ್ಲಬೇಕು ತಾನೆ? ನಿಲ್ಲದೆ ಓಡಿಹೋದ್ರೆ ನೀರು ಹೇಗೆ ಸಿಗುತ್ತೆ?"

ಸಭಿಕರೇ, ಅವಳು ಅದನ್ನು ಹೇಗೆ ಓದಿದಳು ಎಂದು ನನಗೆ ಇವತ್ತು ಗೊತ್ತು. ಅವತ್ತು ನನಗೆ ಗೊತ್ತಿದ್ದದ್ದು ಕಾರ್ಡು ಮಾತ್ರ.

ವಾಕ್ಯ ಹೀಗಿತ್ತು. 'ಎರಡು ಊರುಗಳ ನಡುವಿನ ಹಾದಿಯಲ್ಲಿ ಇಂಥ ಹೆಸರಿನ ಬಾವಿ ಇತ್ತು. ಅದು ಎಲ್ಲಿತ್ತೆಂದು ಇಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ.' ಅವಳು ಬಾವಿಯ ಹತ್ತಿರ ಬಂದು ನಿಂತಳು. ನಾನು ಟಕ್ ಎಂದೆ. ಅವಳು ವಾಕ್ಯದ ಮೊದಲಿಗೆ ಹೋದಳು, ಮತ್ತೆ ಅಲ್ಲೇ ನಿಂತಳು. ಟಕ್. ಮೂರನೆಯ ಸಲಕ್ಕೆ ನಿಯಮ ಮುರಿದು ಕೇಳಿದಳು, ಈ ಹೆಸರಿಗೆ ಅರ್ಥ ಇದೆ, ಹೇಳಲಾ ಎಂದು. ಬೇಡ ಎಂದೆ. ಅರ್ಥ ತಿಳಿದುಕೊಳ್ಳುವುದು ನಿನ್ನ ಕೆಲಸವಲ್ಲ, ಕಾರ್ಡಿನಲ್ಲಿ ಇರುವ ಹಾಗೆ ಓದು ಎಂದೆ. ಮೈಕಿನಲ್ಲಿ ಹೇಳಿದೆ, ಅವಳ ಕಿವಿಯೊಳಗೆ.

ಅವಳು ಓದಿದಳು, ನಾನು ತಟ್ಟಿದೆ. ಹದಿನೇಳು ಸಲ. ಅವಳು ಹಟಮಾರಿಯಲ್ಲ, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹಟ ಹಿಡಿದವನು ನಾನೇ. ಆದರೆ ಅವತ್ತು ಅವಳು ಜಗ್ಗಲಿಲ್ಲ. ಹದಿನೇಳನೆಯ ಟಕ್ಕಿಗೆ ನಾನು ಹೆಡ್‌ಫೋನ್ ಕಿತ್ತಿಟ್ಟು, ಪುಸ್ತಕ ಮುಚ್ಚಿ, ಚಹಾ ಕುಡಿಯಲು ಹೊರಟುಹೋದೆ. ಆಗಲೂ ಗಾಜಿನ ಆಚೆ ನೋಡಲಿಲ್ಲ. ಅದು ಶಿಸ್ತಿನಿಂದಲ್ಲ, ಸಿಟ್ಟಿನಿಂದ.

ವಾಪಸು ಬಂದಾಗ ಕೋಣೆ ಖಾಲಿ. ಪುಸ್ತಕ ಮೇಜಿನ ಮೇಲಿತ್ತು, ಗುರುತಿನ ದಾರ ಇನ್ನೂರ ಹನ್ನೆರಡರಲ್ಲಿತ್ತು. ಸಂಜೆ ಮನೆಗೆ ಹೋದರೆ ಅವಳು ಅಮ್ಮನಿಗೆ ಗಂಜಿ ಹಾಕುತ್ತಿದ್ದಳು. ನಾಳೆಯಿಂದ ನಾನು ಬರಲ್ಲ ಎಂದಳು, ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಬಿಸಿ ತಣ್ಣಗಾದ ಮೇಲೆ ಬಂದಾಳು ಎಂದುಕೊಂಡೆ. ಬೇರೊಬ್ಬರಿಂದ ಇಡೀ ಪುಸ್ತಕವನ್ನು ಮೊದಲಿನಿಂದ ಓದಿಸಿದೆ, ಅವರು ಒಂದೇ ಉಸಿರಿನಲ್ಲಿ ಓದಿದರು, ನನ್ನ ಪೆನ್ಸಿಲ್ ಸುಮ್ಮನಿತ್ತು. ಆ ತಪ್ಪು ಹೆಸರು ಇಪ್ಪತ್ತೇಳು ವರ್ಷ ನಿಮ್ಮೆಲ್ಲರ ಮನೆಗೆ ಹೋಗಿ ಬಂದಿದೆ.

ಅವಳು ಓದುವುದನ್ನು ಬಿಟ್ಟಳು. ಇಲ್ಲಿ ಮಾತ್ರವಲ್ಲ, ಮನೆಯಲ್ಲೂ. ಮೊದಲು ಮಗಳಿಗೆ ಮಲಗುವಾಗ ಓದಿ ಹೇಳುತ್ತಿದ್ದವಳು, ಬಾಯಿಪಾಠ ಬರುವ ಕಥೆಗಳನ್ನಷ್ಟೇ ಹೇಳತೊಡಗಿದಳು. ಪತ್ರ ಬಂದರೆ ಓದಿ, ಮಡಚಿ, ನನ್ನ ಕೈಗೆ ಕೊಡುತ್ತಿದ್ದಳು. ಬಸ್ಸಿನಲ್ಲಿ ಕೂತು ಅಂಗಡಿ ಬೋರ್ಡುಗಳನ್ನು ಓದುವ ಚಟವಿತ್ತು ಅವಳಿಗೆ, ಅದೂ ನಿಂತಿತು. ನಾನು ಗಮನಿಸಿದ್ದು ಯಾವಾಗ ಎಂದು ಕೇಳಿ. ಹೋದ ವರ್ಷ.

ಹೋದ ವರ್ಷ ನಾನು ಓದುತ್ತಿದ್ದ ಸಾಲಿನ ನಡುವೆ ಒಂದು ಮಸಿ ಬೊಟ್ಟು ಕಾಣಿಸಿತು. ಬೆರಳಿನಿಂದ ಉಜ್ಜಿದೆ. ಅದು ಪುಟದ್ದಾಗಿರಲಿಲ್ಲ. ಮಗಳು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಣ್ಣಿನ ಒಳಪದರದ ನಡುಭಾಗ ಸವೆದಿದೆ, ಅಂಚು ಉಳಿಯುತ್ತದೆ, ನಡು ಹೋಗುತ್ತದೆ ಎಂದರು. ಅಂದರೆ ನಾನು ಏನನ್ನು ನೆಟ್ಟಗೆ ನೋಡುತ್ತೇನೋ ಅದೇ ಕಾಣಿಸುವುದಿಲ್ಲ. ನಿಮ್ಮ ಮುಖ ನೋಡಬೇಕಾದರೆ ನಿಮ್ಮ ಕಿವಿಯ ಪಕ್ಕದ ಗೋಡೆಯನ್ನು ನೋಡಬೇಕು. ಆಗ ಕಣ್ಣಿನ ಅಂಚಿನಲ್ಲಿ ನೀವು ಸ್ವಲ್ಪ ಸಿಗುತ್ತೀರಿ. ನಾನು ಸೊಕ್ಕಿನಿಂದ ಅತ್ತ ತಿರುಗಿ ಮಾತನಾಡುತ್ತೇನೆ ಎಂದು ಕೆಲವರು ಬೇಸರಪಟ್ಟುಕೊಂಡಿದ್ದೀರಿ. ಅದು ಸೊಕ್ಕಲ್ಲ, ನೋಡುವ ಪ್ರಯತ್ನ.

ಈಗ ನಮ್ಮ ಮನೆಯ ಬೆಳಗು ಹೇಗಿರುತ್ತದೆ ಗೊತ್ತೇ? ಪೇಪರ್ ಬರುತ್ತದೆ. ಅವಳು ಕುರ್ಚಿಯಲ್ಲಿ ಕೂತು ಓದುತ್ತಾಳೆ, ಮನಸ್ಸಿನಲ್ಲೇ. ನಾನು ಎದುರಿಗೆ ಕೂತಿರುತ್ತೇನೆ. ಪುಟ ತಿರುಗುವ ಸದ್ದು ಕೇಳುತ್ತೇನೆ. ಯಾವ ಪುಟ ಎಂದು ಎಣಿಸುತ್ತೇನೆ. ಸುದ್ದಿ ಏನು ಎಂದು ಕೇಳಿದರೆ ಎರಡು ಮಾತಿನಲ್ಲಿ ಹೇಳುತ್ತಾಳೆ, ಓದುವುದಿಲ್ಲ. ಔಷಧಿಯ ಚೀಟಿಯನ್ನೂ ಓದುವುದಿಲ್ಲ, ಮಾತ್ರೆಯನ್ನೇ ಅಂಗೈಗೆ ಇಡುತ್ತಾಳೆ. ಅವಳ ಸೇವೆಯಲ್ಲಿ ಒಂದು ಕೂದಲೆಳೆಯ ಲೋಪವಿಲ್ಲ. ಓದು ಎಂದು ಕೇಳಲು ಮಾತ್ರ ನನಗೆ ಬಾಯಿ ಬಂದಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಕಣ್ಣು ಹೋದ ತಪ್ಪು ಹಿಡಿಯುವವನಿಗೆ ಗ್ರಂಥಾಲಯದಲ್ಲಿ ಏನು ಕೆಲಸ? ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ನನಗೆ ಹಳೆಯ ರೀಲುಗಳನ್ನು ಕೇಳುವ ಕೆಲಸ ಕೊಟ್ಟರು. ರೀಲುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದರು, ಯಾವುದು ಉಳಿಯಬೇಕು ಯಾವುದು ಬೇಡ ಎಂದು ಹೇಳಬೇಕು. ಕೆಂಪು ಪಟ್ಟಿಯ ರೀಲು ಎಂದರೆ ತಿರಸ್ಕರಿಸಿದ್ದು. ಅವನ್ನು ಅಳಿಸಿ ಮತ್ತೆ ಬಳಸುವುದು ನಮ್ಮ ಪದ್ಧತಿ. ಒಂದು ಕೆಂಪು ಪಟ್ಟಿಯ ರೀಲು ಮಾತ್ರ ಇಪ್ಪತ್ತೇಳು ವರ್ಷದಿಂದ ನನ್ನ ಕಪಾಟಿನ ತಳದಲ್ಲಿತ್ತು. ಅದರ ಟೇಪಿನಲ್ಲಿ ಅಂಟಿಸಿದ ಜಾಗ ಇದೆ, ಮರುಬಳಕೆಗೆ ಬರುವುದಿಲ್ಲ ಎಂದು ನಾನು ದಾಖಲೆ ಪುಸ್ತಕದಲ್ಲಿ ಬರೆದಿದ್ದೆ. ಅಂಟಿಸಿದ ಜಾಗ ಯಾವುದೂ ಇರಲಿಲ್ಲ. ಯಾಕೆ ಹಾಗೆ ಬರೆದೆ ಎಂದು ನನ್ನನ್ನು ಕೇಳಬೇಡಿ.

ಎಂಟು ತಿಂಗಳ ಹಿಂದೆ ಅದನ್ನು ಹಾಕಿ ಕೇಳಿದೆ. ಅವಳ ಧ್ವನಿ ಬಂತು. ಆ ಹಿಂದೆಯೇ ಟಕ್ ಎಂದಿತು. ಸಭಿಕರೇ, ಮೂವತ್ತನಾಲ್ಕು ವರ್ಷ ಆ ಸದ್ದು ಮಾಡಿದವನು ನಾನು, ಅದನ್ನು ಕೇಳಿಸಿಕೊಂಡವನಲ್ಲ. ನನ್ನ ಮೇಜಿನ ಮೇಲೆ ಅದು ಸಣ್ಣ ಸದ್ದು. ಹೆಡ್‌ಫೋನಿನ ಒಳಗೆ ತಲೆಗೆ ಮೊಟಕಿದ ಹಾಗೆ ಬೀಳುತ್ತದೆ. ಹದಿನೇಳು ಸಲ ಮೊಟಕಿಸಿಕೊಂಡೆ. ಆಮೇಲೆ ನನ್ನ ಕುರ್ಚಿ ಸರಿದದ್ದು, ಬಾಗಿಲು ಬಡಿದದ್ದು ಕೇಳಿಸಿತು.

ಓದುವವರು ಕೊನೆಯಲ್ಲಿ 'ಈ ಭಾಗ ಇಲ್ಲಿಗೆ ಮುಗಿಯಿತು' ಎನ್ನಬೇಕು, ಆಗ ಯಂತ್ರ ನಿಲ್ಲಿಸುತ್ತೇವೆ. ಆ ಮಾತು ಬರಲಿಲ್ಲ. ಸಿಟ್ಟಿನಲ್ಲಿ ಯಂತ್ರ ನಿಲ್ಲಿಸುವುದನ್ನೇ ಮರೆತು ಹೋಗಿದ್ದೆ. ರೀಲು ತಿರುಗುತ್ತಲೇ ಇತ್ತು. ಆಗ ಒಂದು ಗಂಡಸಿನ ಧ್ವನಿ. ನಮ್ಮ ಟೆಲಿಫೋನ್ ಆಪರೇಟರ್ ಧ್ವನಿ. ಅವರು ಹುಟ್ಟಿನಿಂದ ಕಣ್ಣು ಕಾಣದವರು. ಮಧ್ಯಾಹ್ನದ ಬಿಡುವಿನಲ್ಲಿ ಓದುವ ಕೋಣೆಯ ಮೂಲೆಯಲ್ಲಿ ಸದ್ದಿಲ್ಲದೆ ಕೂತು ಕೇಳುವ ಅಭ್ಯಾಸ ಅವರಿಗಿತ್ತು.

"ಹೋದ್ರಾ ಅಕ್ಕ?"

"ಹೋದ್ರು."

"ಆ ಬಾವಿ ಹೆಸರಿಗೆ ಅರ್ಥ ಏನು? ಹದಿನೇಳು ಸಲ ಕೇಳಿದೆ. ಈಗ ತಿಳ್ಕೊಳ್ಳದೇ ಇದ್ರೆ ಊಟ ಸೇರಲ್ಲ."

ಬಾವಿಯ ಹತ್ತಿರ ನಿಲ್ಲಬೇಕು ಎಂದು ಅಜ್ಜ ಹೇಳಿದ್ದನ್ನು ಮೊದಲು ಹೇಳಿ, ಆಮೇಲೆ ಅರ್ಥ ಹೇಳಿದಳು. ಅವಳ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂದರೆ, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಬಲ್ಲೆ.

"ಜೀವಂತ ಇರೋನು, ನನ್ನನ್ನ ನೋಡೋನು, ಅವನ ಬಾವಿ ಅಂತ. ಪಂಡಿತರಿಗೂ ಪೂರ್ತಿ ಖಾತ್ರಿ ಇಲ್ವಂತೆ, ಅಜ್ಜ ಹಾಗೆ ಹೇಳಿದ್ರು. ಒಬ್ಬಳು ಕೆಲಸದವಳು, ಬಸುರಿ, ಯಜಮಾನಿ ಕಾಟ ತಡೀಲಾರದೆ ಮರುಭೂಮಿಗೆ ಓಡಿಹೋಗ್ತಾಳೆ. ನೀರಿನ ಹತ್ರ ಕೂತಿರ್ತಾಳೆ. ಅಲ್ಲಿ ದೇವರು ಅವಳನ್ನ ಮಾತಾಡಿಸ್ತಾನೆ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀಯ ಅಂತ ಕೇಳ್ತಾನೆ. ಅವಳನ್ನ ಯಾರೂ ಹಾಗೆ ಕೇಳಿರಲಿಲ್ಲ. ಮನೇಲಿ ಎಲ್ಲರೂ ಕರೀತಿದ್ರು, ಯಾರೂ ನೋಡ್ತಿರಲಿಲ್ಲ. ಅದಕ್ಕೆ ಆ ಬಾವಿಗೆ ಆ ಹೆಸರು. ಅಂಥ ಹೆಸರನ್ನ ಒಂದೇ ಉಸಿರಲ್ಲಿ ಹೇಗೆ ಓದಲಿ?"

ಆಮೇಲೆ ಅವಳೇ ಹೇಳಿದಳು.

"ನಾಲ್ಕು ತಿಂಗಳಿಂದ ಎದುರಿಗೇ ಕೂತಿದ್ದಾರೆ. ಒಂದು ಸಲ ತಲೆ ಎತ್ತಿಲ್ಲ."

"ನನಗಂತೂ ಕಾಣಿಸಲ್ಲ ಅಕ್ಕ," ಅಂದರು ಆಪರೇಟರ್. "ಅವರಿಗೇನಾಗಿದೆ?"

ಅವಳು ನಕ್ಕಳು. ನಕ್ಕಿದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ನಂತರ ಗಂಟಲು ಸರಿಪಡಿಸಿಕೊಂಡು, ಆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಹದಿನೆಂಟನೇ ಸಲ. ಬಾವಿಯ ಹತ್ತಿರ ನಿಂತಳು, ಉಸಿರು ತೆಗೆದುಕೊಂಡಳು, ಮುಂದೆ ಹೋದಳು. ಯಾರೂ ತಟ್ಟಲಿಲ್ಲ. ಕುರ್ಚಿ ಸರಿಯಿತು, ಬಾಗಿಲು ಮೆತ್ತಗೆ ಮುಚ್ಚಿತು. ನಾನು ಸರಿ ತಪ್ಪು ಹಿಡಿಯುವ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವನು. ಅಷ್ಟು ಸರಿಯಾಗಿ ಓದಿದ ವಾಕ್ಯವನ್ನು ನಾನು ಇನ್ನೊಂದು ಕೇಳಿಲ್ಲ. ಆ ಕೋಣೆಯಲ್ಲಿ ಒಬ್ಬನೇ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮೂರನೆಯ ಸಾಲಿನಲ್ಲಿರುವವರು ಈ ವಿಷಯವನ್ನು ಈಗ ಮೊದಲ ಸಲ ಕೇಳುತ್ತಿದ್ದಾರೆ. ಎಂಟು ತಿಂಗಳಿಂದ ಒಂದೇ ಸೂರಿನ ಕೆಳಗೆ ಇದ್ದೂ ನಾನು ಹೇಳಿರಲಿಲ್ಲ. ಮನೆಯಲ್ಲಿ ಹೇಳಲಾರದ್ದನ್ನು ಮೈಕಿನ ಮುಂದೆ ಹೇಳುವ ಹೇಡಿ ನಾನು. ಮೈಕು ನನಗೆ ಅಭ್ಯಾಸ, ಮುಖ ಅಭ್ಯಾಸವಿಲ್ಲ.

ಆ ಟೆಲಿಫೋನ್ ಆಪರೇಟರ್ ಯಾರೆಂದು ಹಳಬರಿಗೆ ಗೊತ್ತಿದೆ. ಇವತ್ತಿನ ನಮ್ಮ ಅಧ್ಯಕ್ಷರು. ಅವರು ನಗುತ್ತಿರುವುದು ಕೇಳಿಸುತ್ತಿದೆ. ಇಪ್ಪತ್ತೇಳು ವರ್ಷ ಎಲ್ಲ ತಿಳಿದೂ ಬಾಯಿಬಿಡದೆ, ಹಳೆಯ ರೀಲು ಕೇಳುವ ಕೆಲಸ ನನಗೇ ಕೊಟ್ಟರಲ್ಲ, ಅದು ದೊಡ್ಡ ಮನಸ್ಸೋ, ಬೇಕೆಂದೇ ಮಾಡಿದ್ದೋ? ಕೇಳಿದೆ. "ರೀಲು ಕೇಳೋಕೆ ಕಿವಿ ಇದ್ದೋರು ಬೇಕಿತ್ತು, ಅದಕ್ಕೆ ಇಷ್ಟು ವರ್ಷ ಕಾಯ್ಬೇಕಾಯ್ತು," ಅಂದರು.

ಅಧ್ಯಕ್ಷರಲ್ಲಿ ನನ್ನ ಕೊನೆಯ ಎರಡು ಕೋರಿಕೆಗಳು. ಡ್ರಾಯರಿನಲ್ಲಿರುವ ಆ ಕಾರ್ಡನ್ನು ತೆಗೆದುಹಾಕಿ. ಹೊಸ ಕಾರ್ಡನ್ನು ನಾನೇ ದಪ್ಪ ಪೆನ್ನಿನಲ್ಲಿ ಬರೆದು ತಂದಿದ್ದೇನೆ, ಸಾಲು ಸ್ವಲ್ಪ ಸೊಟ್ಟಗಿದೆ. ಹಿಂಬದಿಯಲ್ಲಿ ಅರ್ಥವನ್ನೂ ಬರೆದಿದ್ದೇನೆ. ಇನ್ನು ಮುಂದೆ ಎಲ್ಲ ಕಾರ್ಡಿಗೂ ಹಿಂಬದಿ ಇರಲಿ. ನಗುವವರು ನಗಲಿ. ಎರಡನೆಯದು, ಆ ಹದಿನೆಂಟನೆಯ ವಾಕ್ಯವನ್ನು ಪುಸ್ತಕದಲ್ಲಿ ಅದರ ಜಾಗಕ್ಕೆ ಸೇರಿಸಿ. ಐನೂರು ಪುಟ ಒಬ್ಬರ ಧ್ವನಿ, ಒಂದು ವಾಕ್ಯ ಮಾತ್ರ ಇನ್ನೊಬ್ಬರದು ಎಂದು ಸದಸ್ಯರು ದೂರು ಕೊಟ್ಟರೆ ನನ್ನ ಮನೆಗೆ ಕಳಿಸಿ. ಆದರೆ ಓದಿದವರ ಒಪ್ಪಿಗೆ ಕೇಳಬೇಕು. ಇಪ್ಪತ್ತೇಳು ವರ್ಷ ಕೇಳದೆ ಇಟ್ಟುಕೊಂಡದ್ದು ಸಾಕು.

ಇನ್ನೊಂದು ಮಾತು ಅಧ್ಯಕ್ಷರಿಗಲ್ಲ. ನಾಳೆ ಬೆಳಿಗ್ಗೆ ಪೇಪರ್ ಬರುತ್ತದೆ. ನಾನು ಎದುರಿಗೆ ಕೂತಿರುತ್ತೇನೆ. ಒಂದು ಸಾಲು ಓದಿದರೆ ಸಾಕು. ಯಾವುದಾದರೂ ಸಾಲು, ಹೇಗಾದರೂ ಓದು. ತಪ್ಪು ಓದಿದರೂ ನನಗೆ ಅದೇ ಸರಿ. ಓದಲು ಮನಸ್ಸಾಗದಿದ್ದರೆ ಪುಟ ತಿರುಗಿಸುತ್ತಿರು, ನಾನು ಅದನ್ನೇ ಕೇಳುತ್ತೇನೆ. ಅದಕ್ಕಿಂತ ಹೆಚ್ಚು ಕೇಳುವ ಯೋಗ್ಯತೆ ನನಗಿಲ್ಲ.

ಸಭಿಕರೇ, ತಪ್ಪು ಹಿಡಿಯುವವನು ಒಮ್ಮೆಯಾದರೂ ತಾನು ಓದಿ ತೋರಿಸಬೇಕು. ಬಾಯಿಪಾಠ ಮಾಡಿಕೊಂಡು ಬಂದಿದ್ದೇನೆ. 'ಎರಡು ಊರುಗಳ ನಡುವಿನ ಹಾದಿಯಲ್ಲಿ ಬೆಏರ್‌ಲಹೈರೋಈ ಎಂಬ ಬಾವಿ ಇತ್ತು, ಅದು ಎಲ್ಲಿತ್ತೆಂದು...'

...

ಒಂದು ಕ್ಷಣ. ಕ್ಷಮಿಸಿ. ಯಾರೂ ಮಾತನಾಡಬೇಡಿ. ನಿಮಗೂ ಕೇಳಿಸಿತೇ? ಮೂರನೆಯ ಸಾಲಿನಿಂದ, ಕುರ್ಚಿಯ ಮರದ ಕೈ ಮೇಲೆ, ಒಂದೇ ಒಂದು ಸಲ.

ಆ ಪೆನ್ಸಿಲ್ಲಿನ ಸದ್ದು ನನಗೆ ಗೊತ್ತು. ಬೆಳಿಗ್ಗೆಯಿಂದ ಮನೆಯೆಲ್ಲ ಹುಡುಕಿದೆನಲ್ಲ.

ತಪ್ಪಾಯಿತು. ನಿಲ್ಲದೆ ಓಡಿಬಿಟ್ಟೆ, ಹಳೆಯ ಚಾಳಿ. ಯಾಕೆ ಎಂದು ಕೇಳುವಂತಿಲ್ಲ, ವಾಕ್ಯದ ಮೊದಲಿಗೆ ಹೋಗಬೇಕು. ಹೋಗುತ್ತೇನೆ.

'ಎರಡು ಊರುಗಳ ನಡುವಿನ ಹಾದಿಯಲ್ಲಿ ಬೆಏರ್... ಲಹೈ ರೋಈ ಎಂಬ ಬಾವಿ ಇತ್ತು. ಅದು ಎಲ್ಲಿತ್ತೆಂದು ಇಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ.'

...

ಸುಮ್ಮನಿದ್ದೀಯ. ಸರಿ ಬಂತು ಎಂದು ತಿಳಿದುಕೊಳ್ಳುತ್ತೇನೆ.

ನಾನು ಈಗ ಆ ಬದಿಯ ಕಂಬವನ್ನು ನೋಡುತ್ತಿದ್ದೇನೆ ಎಂದು ನಿಮಗೆಲ್ಲ ಅನಿಸಬಹುದು. ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ, ಪೆನ್ಸಿಲ್ ಹಿಡಿದು ಕೂತಿರುವವಳಿಗೆ ಗೊತ್ತಿರಲಿ, ನಾನು ನಿನ್ನನ್ನೇ ನೋಡುತ್ತಿದ್ದೇನೆ.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಊಟ ಆರಿದರೂ ಎದ್ದು ಹೋಗದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಈ ಭಾಗ ಇಲ್ಲಿಗೆ ಮುಗಿಯಿತು. ಯಂತ್ರ ನಿಲ್ಲಿಸಬಹುದು. ನಮಸ್ಕಾರ.